ಪರ್ಮನೆಂಟ್ ಕೆಲಸ ಬಿಟ್ಟು ಸ್ವಂತ ಶೆಡ್: ದುಡ್ಡಿಗಾ, ಬೇರೇನಕ್ಕಾ?

ಕಚ್ಚಾಲೆಕ್ಕ: ಪೀಣ್ಯದ ಕಡೆ ಟೂಲ್‌ರೂಮ್‌ನಲ್ಲಿ (ಡೈ, ಮೋಲ್ಡ್, ಟೂಲ್ ಮಾಡೋ ವಿಭಾಗ) ಪರ್ಮನೆಂಟ್ ಇರೋ ಸೆಟ್ಟರ್‌ಗಳು (ಮಷೀನ್ ಕೆಲಸಕ್ಕೆ ಸೆಟ್ ಮಾಡೋರು) ಪಿಎಫ್, ಬೋನಸ್ ಎಲ್ಲ ಬಿಟ್ಟು, ಹಳೇ ವಿಎಂಸಿ (ಕಂಪ್ಯೂಟರ್ ನಡೆಸೋ ಮಿಲ್ಲಿಂಗ್ ಮಷೀನ್) ಒಂದನ್ನ ಹಾಕ್ಕೊಂಡು ಜಾಬ್‌ವರ್ಕ್‌ಗೆ (ಬೇರೆ ಕಂಪನಿಗಳ ಪೀಸ್ ಮಾಡಿಕೊಡೋ ಕೆಲಸ) ಇಳೀತಾರಲ್ಲ, ಯಾಕೆ? ದುಡ್ಡಿಗೆ ಅಂತಾರೆ. ಲೆಕ್ಕ ಹಾಕಿದ್ರೆ ಹಾಗೇನೂ ಕಾಣಲ್ಲ.

ಹತ್ತು ಮೈಕ್ರಾನ್: ದುಡ್ಡು ಬರೀ ನೆಪ. 2000ದಲ್ಲಿ ಬಂದ ಅಮೆರಿಕದ ಅಧ್ಯಯನವೊಂದರಲ್ಲಿ, ಹತ್ತು ವರ್ಷ ಸ್ವಂತ ವ್ಯವಹಾರ ಮಾಡಿದವರ ಮಧ್ಯಮ ಗಳಿಕೆ ಸಂಬಳದವರಿಗಿಂತ 35% ಕಮ್ಮಿ ಇತ್ತು. ಆದ್ರೂ ವ್ಯವಹಾರ ಬಿಟ್ಟಿರಲಿಲ್ಲ.

ಮಷೀನ್ ಮುಂದೆ ನಿಂತವನಿಗೆ ಕಾರಣ ಗೊತ್ತು. ಪೀಸಿಗೆ 14 ನಿಮಿಷ ಹಿಡಿಯೋ ಕೆಲಸ, ಫಿಕ್ಸ್ಚರ್ (ಪೀಸ್ ಹಿಡಿದಿಡೋ ಸಾಧನ) ಬದಲಾಯಿಸಿ ಎರಡೆರಡು ಪೀಸ್ ಕಟ್ಟಿದ್ರೆ ತಲಾ 11ಕ್ಕೆ ಇಳಿಯುತ್ತೆ. ಹೇಳಿದ್ರೆ "ಪ್ರೋಸೆಸ್ ಶೀಟಲ್ಲಿ ಇರೋದು ಮಾಡಪ್ಪ" ಅಂತಾರೆ. ಅದೇ ಪೀಸಿಗೆ ಹೊರಗಿನ ವೆಂಡರ್ ಹಾಕೋ ಬಿಲ್ಲೂ ಕಣ್ಣಿಗೆ ಬಿದ್ದಿರುತ್ತೆ. ಐಟಿಐ ಓದಿದವನಿಗೆ ಸೂಪರ್‌ವೈಸರ್ ಆಚೆ ಬಡ್ತಿ ಸಿಗೋದೂ ಅಪರೂಪ. ಇನ್ನೇನು ಬೇಕು!

ಶೆಡ್ ನಂ. 7: ಕೈಚಳಕ ಇರುತ್ತೆ, ಏಟು ಬೀಳೋದು ಅವರ್ ರೇಟ್‌ನಲ್ಲಿ, ಅಂದ್ರೆ ಮಷೀನಿಗೆ ಗಂಟೆಗಿಷ್ಟು ಅಂತ ಹಾಕೋ ದರದಲ್ಲಿ. ಕಂತು, ಬಾಡಿಗೆ, ಕರೆಂಟು, ಕೂಲಿ ಸೇರಿ ತಿಂಗಳಿಗೆ 1,20,000 ಅಂದ್ಕೊಳ್ಳಿ. 25 ದಿನ, 8 ಗಂಟೆ ಅಂತ 200 ಗಂಟೆಗೆ ಭಾಗಿಸಿ 600 ಬಂತು, 650ಕ್ಕೆ ಕೊಟೇಶನ್ ಕೊಡ್ತಾರೆ. ಸೆಟಿಂಗ್, ಇನ್ಸ್‌ಪೆಕ್ಷನ್, ಪವರ್ ಕಟ್ ಕಳೆದ್ರೆ ಸ್ಪಿಂಡಲ್ ತಿರುಗೋದು, ಅಂದ್ರೆ ಮಷೀನ್ ನಿಜವಾಗಿ ಪೀಸ್ ಕಟ್ ಮಾಡೋದು, ದಿನಕ್ಕೆ 5 ಗಂಟೆ. ಅಲ್ಲಿಗೆ ತಿಂಗಳಿಗೆ 125 ಗಂಟೆ, ಗಂಟೆಗೆ ಅಸಲೇ 960. ಗಂಟೆಗೆ 310 ಕೈಯಿಂದ ಹೋಗ್ತಿರುತ್ತೆ, ಆರ್ಡರ್ ಜಾಸ್ತಿ ಆದಷ್ಟೂ ಖುಷಿ ಬೇರೆ!

ಪೇಮೆಂಟ್ 90 ದಿನಕ್ಕೆ ಬಂದ್ರೆ ಮೂರು ತಿಂಗಳ ಖರ್ಚು, 3,60,000, ಮೊದಲೇ ಕೈಲಿರಬೇಕು. ಮಾಲು ಕಳಿಸೋ ಮುಂಚೆಯೇ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಸರ್ಕಾರದ ನೋಂದಣಿ) ಮಾಡಿಸಿ, ಅದು ಉಚಿತ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಒಪ್ಪಂದ ಇದ್ರೂ ಪೇಮೆಂಟ್ 45 ದಿನ ಮೀರೋ ಹಾಗಿಲ್ಲ. ತಡವಾಗಿದ್ದಕ್ಕೆ ಬಡ್ಡಿ ಕೇಳಿದ್ರೆ ಮುಂದಿನ ಆರ್ಡರ್ ಬರುತ್ತಾ ಅನ್ನೋದು ಬೇರೆ ಮಾತು.

ಕಚ್ಚಾಲೆಕ್ಕ: ಹಾಗಾದ್ರೆ ಕೆಲಸದಲ್ಲಿ ಇದ್ಕೊಂಡೇ ಶುರು ಮಾಡಬಹುದಾ?

ಹತ್ತು ಮೈಕ್ರಾನ್: ಮೊದಲು ಅಪಾಯಿಂಟ್‌ಮೆಂಟ್ ಲೆಟರ್ ಓದಿ. ಬೇರೆ ವ್ಯವಹಾರ ಕೂಡದು ಅಂತ ಬಹಳ ಕಡೆ ಬರೆದಿರುತ್ತೆ. ಸರ್ವಿಸ್ ಐದು ವರ್ಷ ತುಂಬೋಕೆ ಸ್ವಲ್ಪ ಬಾಕಿ ಇದ್ರೆ ತಡೀರಿ, ಗ್ರಾಚ್ಯುಟಿ ಇದೆ: ಬೇಸಿಕ್, ಡಿಎ ಸೇರಿ 26,000 ಇದ್ರೆ, 12 ವರ್ಷಕ್ಕೆ 26,000 × 15/26 × 12, ಅಂದ್ರೆ 1,80,000. ಮನೆ ಸಾಲ ಬೇಕಿದ್ರೆ ಸಂಬಳದ ಸ್ಲಿಪ್ ಇರುವಾಗಲೇ ತಗೊಳ್ಳಿ. ಆಮೇಲೆ ಬ್ಯಾಂಕಿನವರು ಎರಡು ಮೂರು ವರ್ಷದ ಐಟಿ ರಿಟರ್ನ್ಸ್ ಕೇಳ್ತಾರೆ.