ಕೈಯಲ್ಲಿ ತುಂಬಿದ ತೋಟಾ, ಚದುರುವ ಗುಂಡು: ಸಣ್ಣ ಕ್ಯಾಲಿಬರ್ ರೈಫಲ್ ಇರುವವರ ಅನುಭವ ಬೇಕಿತ್ತು

ನಮಸ್ಕಾರ ಎಲ್ಲರಿಗೂ. ನನ್ನ ಹತ್ತಿರ ಹಳೆಯ .22-250 ಬೋಲ್ಟ್ ರೈಫಲ್ ಇದೆ, ದಪ್ಪ ನಳಿಗೆಯ ವಾರ್ಮಿಂಟ್ (ಸಣ್ಣ ಪ್ರಾಣಿ ಬೇಟೆಯ) ಮಾದರಿ. ತೋಟಾ ನಾನೇ ತುಂಬುತ್ತೇನೆ, ಅಂದರೆ ಖಾಲಿ ಹಿತ್ತಾಳೆ ಕೇಸಿಗೆ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು), ಮದ್ದು, ಗುಂಡು ಹಾಕುತ್ತೇನೆ. ಸೀಸದ ತಿರುಳಿನ 55 ಗ್ರೇನ್ ತೂಕದ ಗುಂಡು ಹಾಕಿದರೆ 100 ಗಜದಲ್ಲಿ ಗ್ರೂಪ್ (ಗುರಿಯ ಮೇಲೆ ತೂತುಗಳ ಹರವು) ಒಂದೂವರೆ ಇಂಚಿನಿಂದ ಕೆಳಗೆ ಇಳಿಯುವುದಿಲ್ಲ. ಅದೇ ತೂಕದ ಅಚ್ಚ ತಾಮ್ರದ ಗುಂಡು ಹಾಕಿದರೆ ಮೂರು ಇಂಚು ದಾಟುತ್ತದೆ. ಒಮ್ಮೊಮ್ಮೆ ಮೂರು ಗುಂಡು ಅರ್ಧ ಇಂಚಿನಲ್ಲಿ ಕೂತು ಆಸೆ ಹುಟ್ಟಿಸುತ್ತವೆ, ಮುಂದಿನ ಮೂರು ಚದುರಿ ಹೋಗುತ್ತವೆ. ಕೈಪಿಡಿಯ ಮಿತಿಯೊಳಗೇ ಮದ್ದಿನ ತೂಕ ಹೆಚ್ಚು ಕಡಿಮೆ ಮಾಡಿ ನೋಡಿದೆ, ಏನೂ ಫರಕು ಕಾಣಲಿಲ್ಲ. ಎಲ್ಲಿಂದ ಹುಡುಕಲು ಶುರು ಮಾಡಲಿ?

*

ಮದ್ದಿನ ಡಬ್ಬಿಯನ್ನು ಸದ್ಯಕ್ಕೆ ಮುಚ್ಚಿಡಿ ಸರ್. ತೊಂದರೆ ರೈಫಲ್‌ನಲ್ಲಿದೆಯೋ, ತೋಟಾದಲ್ಲಿದೆಯೋ? ಮೊದಲು ಅದು ಗೊತ್ತಾಗಬೇಕು. ಅದು ತಿಳಿಯದೆ ಮದ್ದು ಬದಲಿಸುತ್ತಾ ಹೋದರೆ ಗುಂಡು, ಪ್ರೈಮರ್, ನಳಿಗೆಯ ಆಯಸ್ಸು ಎಲ್ಲ ಖರ್ಚಾಗುತ್ತದೆ, ಉತ್ತರ ಮಾತ್ರ ಸಿಗುವುದಿಲ್ಲ.

ಕಾರ್ಖಾನೆಯ ಒಳ್ಳೆಯ ತೋಟಾ ಒಂದು ಪೆಟ್ಟಿಗೆ ತನ್ನಿ. ಒಂದೇ ದಿನ, ಒಂದೇ ಬೆಂಚು. ಅದರದ್ದೊಂದು ಗ್ರೂಪ್, ನಿಮ್ಮದೊಂದು ಗ್ರೂಪ್, ಹೀಗೆ ಅದಲು ಬದಲಾಗಿ ಹೊಡೆಯಿರಿ. ಅದು ಚೆನ್ನಾಗಿ ಕೂತರೆ ರೈಫಲ್, ಸ್ಕೋಪ್, ನಿಮ್ಮ ಕೈ ಮೂರೂ ಸರಿ ಇವೆ ಎಂದು ಅರ್ಥ. ಅದೂ ಚದುರಿದರೆ ತೋಟಾ ತುಂಬುವ ಮೇಜಿನ ಹತ್ತಿರ ಹೋಗುವುದೇ ಬೇಡ.

ಅದಕ್ಕೂ ಮೊದಲು ಸ್ಕ್ರೂಗಳನ್ನು ನೋಡಿ. ಆಕ್ಷನ್ (ಬೋಲ್ಟ್ ಕೂರುವ ಲೋಹದ ಭಾಗ) ಅನ್ನು ಸ್ಟಾಕ್‌ಗೆ (ಕೈ ಮತ್ತು ಹೆಗಲಿಗೆ ಹಿಡಿಯುವ ದಿಮ್ಮಿಗೆ) ಹಿಡಿದಿರುವ ಸ್ಕ್ರೂ, ಸ್ಕೋಪ್ ಬೇಸ್, ಸ್ಕೋಪ್ ರಿಂಗ್. ತಯಾರಕರು ಹೇಳಿದಷ್ಟೇ ಬಿಗಿಯನ್ನು ಟಾರ್ಕ್ ವ್ರೆಂಚ್‌ನಲ್ಲಿ ಕೊಡಿ, ಕೈ ಅಂದಾಜು ಬೇಡ. ಐದು ಗುಂಡು ಎರಡು ಬೇರೆ ಬೇರೆ ಗುಂಪಾಗಿ, ಮೂರು ಇಲ್ಲಿ ಎರಡು ಅಲ್ಲಿ ಅಂತ ಬೀಳುತ್ತಿದ್ದರೆ ನಾನು ಮೊದಲು ಅನುಮಾನಿಸುವುದು ಈ ಸ್ಕ್ರೂಗಳನ್ನೇ.

ಆಮೇಲೆ ನಳಿಗೆ ಮತ್ತು ಸ್ಟಾಕ್ ನಡುವೆ ಒಂದು ಕಾಗದದ ಪಟ್ಟಿ ತೂರಿಸಿ ಆಕ್ಷನ್ ಕಡೆಗೆ ಎಳೆಯಿರಿ. ಸಲೀಸಾಗಿ ಹೋದರೆ ಸರಿ. ಮಧ್ಯೆ ಎಲ್ಲಾದರೂ ಸಿಕ್ಕಿಕೊಂಡರೆ ಸ್ಟಾಕ್ ಅಲ್ಲಿ ನಳಿಗೆಗೆ ತಾಗುತ್ತಿದೆ. ನಳಿಗೆ ಬಿಸಿಯಾದ ಹಾಗೆ ಆ ಒತ್ತಡ ಬದಲಾಗುತ್ತದೆ, ಗುಂಡು ಒಂದರ ಮೇಲೊಂದು ಏಣಿಯ ಹಾಗೆ ಏರುತ್ತಾ ಹೋಗುತ್ತದೆ. ಕೆಲವು ಸ್ಟಾಕ್‌ಗಳಲ್ಲಿ ಮುಂದಿನ ತುದಿಯ ಒತ್ತಡವನ್ನು ಬೇಕೆಂದೇ ಇಟ್ಟಿರುತ್ತಾರೆ, ಅದನ್ನು ವಿಚಾರಿಸದೆ ಉಜ್ಜಲು ಹೋಗಬೇಡಿ.

ನಳಿಗೆಯ ಬಾಯಿ ನೋಡಲು ಹತ್ತಿಯ ಕಡ್ಡಿ ಸಾಕು. ರೈಫಲ್ ಖಾಲಿ ಇದೆ ಎಂದು ಖಾತ್ರಿ ಮಾಡಿಕೊಂಡು, ಬೋಲ್ಟ್ ತೆಗೆದು, ಕಡ್ಡಿಯನ್ನು ಒಳಗಿನಿಂದ ಹೊರಕ್ಕೆ ಸುತ್ತಲೂ ಎಳೆಯಿರಿ. ಎಲ್ಲಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳು ಎದ್ದಿದೆ. ಗುಂಡು ಹೊರಬೀಳುವ ಕೊನೆಯ ಕ್ಷಣದಲ್ಲಿ ಉರಿದ ಮದ್ದಿನ ಅನಿಲ ಒಂದು ಬದಿಯಿಂದ ಮೊದಲು ನುಗ್ಗಿದರೆ ಗುಂಡಿನ ಬಾಲ ಅಲುಗುತ್ತದೆ. ಗನ್‌ಸ್ಮಿತ್ ಹತ್ತಿರ ಬಾಯಿಯನ್ನು ಹೊಸದಾಗಿ ಕತ್ತರಿಸಿಸಿದರೆ ಸರಿಹೋಗುವ ಕೆಲಸ ಇದು.

ಪ್ಯಾರಲ್ಯಾಕ್ಸ್ ಪರೀಕ್ಷೆ, ಅಂದರೆ ಕಣ್ಣು ಸರಿದಾಗ ಸ್ಕೋಪ್‌ನಲ್ಲಿ ಗುರಿ ಸರಿದಂತೆ ಕಾಣುತ್ತದೆಯೇ ನೋಡುವುದು, ಇನ್ನೂ ಸುಲಭ. ರೈಫಲ್ ಅನ್ನು ಮರಳು ಚೀಲದ ಮೇಲೆ ಅಲುಗದ ಹಾಗೆ ಕೂರಿಸಿ, ಮುಟ್ಟದೆ, ತಲೆ ಮಾತ್ರ ಮೇಲೆ ಕೆಳಗೆ ಆಡಿಸಿ. ಅಡ್ಡಗೆರೆ ಗುರಿಯ ಮೇಲೆ ಓಡಾಡಿದರೆ ಸ್ಕೋಪ್ ಆ ದೂರಕ್ಕೆ ಹೊಂದಿಕೆಯಾಗಿಲ್ಲ. ಆಗ ಕೆನ್ನೆ ಸ್ವಲ್ಪ ಜಾಗ ಬದಲಿಸಿದರೂ ಗುಂಡು ಬೀಳುವ ಜಾಗ ಬದಲಾಗುತ್ತದೆ.

ಇನ್ನು ಆ ಅರ್ಧ ಇಂಚಿನ ಮೂರು ಗುಂಡು. ಅದನ್ನು ನಂಬಬೇಡಿ ಸರ್, ದಯವಿಟ್ಟು. ಒಂದೇ ರೈಫಲ್, ಒಂದೇ ತೋಟಾ ಇಟ್ಟುಕೊಂಡು ಹೊಡೆದರೂ ಐದು ಗುಂಡಿನ ಗ್ರೂಪ್ ಸರಾಸರಿಯಲ್ಲಿ ಮೂರರದ್ದಕ್ಕಿಂತ ಸುಮಾರು ಕಾಲುಭಾಗ ದೊಡ್ಡದಾಗಿರುತ್ತದೆ. ಹತ್ತು ಗುಂಡಿನದ್ದು ಮೂರರದ್ದರ ಒಂದೂವರೆ ಪಟ್ಟಿಗಿಂತಲೂ ಸ್ವಲ್ಪ ಜಾಸ್ತಿ. ಮೂರು ಗುಂಡು ಅದೃಷ್ಟಕ್ಕೆ ಒಟ್ಟಿಗೆ ಬೀಳುವುದು ತೀರಾ ಸಾಮಾನ್ಯ. ಐದೈದರ ಹಲವು ಗ್ರೂಪ್ ಹೊಡೆದು ಸರಾಸರಿ ತೆಗೆಯಿರಿ. "ಅದು ನನ್ನ ಕೈ ತಪ್ಪು" ಎಂದು ಯಾವ ಗುಂಡನ್ನೂ ಲೆಕ್ಕದಿಂದ ಬಿಡಬೇಡಿ.

*

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ತೂಕ ಒಂದೇ ಇದ್ದು ತಾಮ್ರದ ಗುಂಡು ಮಾತ್ರ ಮೂರು ಇಂಚು ಹೋಗುತ್ತಿದೆ ಅಂದಿರಿ ಅಲ್ವಾ, ನನ್ನ ಕಣ್ಣು ಅಲ್ಲಿಗೇ ಹೋಯಿತು. ನಿಮ್ಮ ನಳಿಗೆಯ ಟ್ವಿಸ್ಟ್ ಎಷ್ಟು? ಅಂದರೆ ಒಳಗಿನ ಸುರುಳಿ ಗೆರೆ ಎಷ್ಟು ಇಂಚಿಗೆ ಒಂದು ಸುತ್ತು ತಿರುಗುತ್ತದೆ?

ಹಳೆಯ .22-250ಗಳಲ್ಲಿ ಸಾಮಾನ್ಯವಾಗಿ 1:14 ಇರುತ್ತದೆ. 14 ಇಂಚಿಗೆ ಒಂದು ಸುತ್ತು. ಬುಗುರಿ ನಿಲ್ಲಬೇಕಾದರೆ ವೇಗವಾಗಿ ತಿರುಗಬೇಕು, ಗುಂಡೂ ಹಾಗೆಯೇ. ಎಷ್ಟು ವೇಗ ಬೇಕು ಎನ್ನುವುದನ್ನು ತೂಕಕ್ಕಿಂತ ಜಾಸ್ತಿ ನಿರ್ಧರಿಸುವುದು ಗುಂಡಿನ ಉದ್ದ. ತಾಮ್ರ ಸೀಸಕ್ಕಿಂತ ಹಗುರ. ಅದೇ 55 ಗ್ರೇನ್ ತೂಗಬೇಕಾದರೆ ತಾಮ್ರದ ಗುಂಡು ಉದ್ದವಾಗಲೇಬೇಕು.

ಗ್ರೀನ್‌ಹಿಲ್ ಎಂಬ ಗಣಿತಜ್ಞ 1879ರಲ್ಲಿ ಕೊಟ್ಟ ಒಂದು ಲೆಕ್ಕ ಇದೆ. ಗುಂಡಿನ ವ್ಯಾಸವನ್ನು ಅದರಿಂದಲೇ ಗುಣಿಸಿ, ಮತ್ತೆ 150ರಿಂದ ಗುಣಿಸಿ, ಬಂದದ್ದನ್ನು ಗುಂಡಿನ ಉದ್ದದಿಂದ ಭಾಗಿಸಿ. ಎಲ್ಲ ಇಂಚಿನಲ್ಲಿ, ಬರುವ ಉತ್ತರ ಎಷ್ಟು ಇಂಚಿಗೆ ಒಂದು ಸುತ್ತು ಬೇಕು ಎನ್ನುವುದು. ವೇಗ ಸೆಕೆಂಡಿಗೆ 2,800 ಅಡಿ ದಾಟಿದರೆ 150ರ ಬದಲು 180 ಹಿಡಿಯುತ್ತಾರೆ. 0.224 ಇಂಚು ವ್ಯಾಸ, 0.75 ಇಂಚು ಉದ್ದದ ಗುಂಡಿಗೆ 180 ಹಾಕಿದರೆ ಸುಮಾರು 12 ಇಂಚು ಬರುತ್ತದೆ. ಅಂದರೆ 1:14 ನಳಿಗೆಗೆ ಅದು ಆಗಲೇ ಉದ್ದವಾಯಿತು. ಇದು ಒರಟು ಅಂದಾಜು, ಸೀಸದ ತಿರುಳಿನ ಗುಂಡಿಗೆ ಮಾಡಿದ್ದು. ಅಚ್ಚ ತಾಮ್ರಕ್ಕೆ ಇದಕ್ಕಿಂತ ಬಿಗಿ ಟ್ವಿಸ್ಟ್ ಬೇಕು, ಅಂದರೆ ಇನ್ನೂ ಕಡಿಮೆ ಇಂಚಿಗೆ ಒಂದು ಸುತ್ತು.

ಟ್ವಿಸ್ಟ್ ಅಳೆಯುವುದು ಹೀಗೆ. ಹಿಡಿ ತಿರುಗುವ ಕ್ಲೀನಿಂಗ್ ರಾಡ್‌ಗೆ ಬಿಗಿಯಾಗಿ ಬಟ್ಟೆ ತುಂಡು ಹಾಕಿ ನಳಿಗೆಯೊಳಗೆ ತಳ್ಳಿ. ರಾಡ್‌ನ ಮೇಲ್ಭಾಗದಲ್ಲಿ ಪೆನ್ನಿನಿಂದ ಒಂದು ಚುಕ್ಕಿ ಇಡಿ. ನಿಧಾನಕ್ಕೆ ಎಳೆಯುತ್ತಾ ಹೋಗಿ. ಚುಕ್ಕಿ ಒಂದು ಪೂರ್ತಿ ಸುತ್ತು ತಿರುಗಿ ಮತ್ತೆ ಮೇಲೆ ಬಂದಾಗ ರಾಡ್ ಎಷ್ಟು ಇಂಚು ಹೊರಗೆ ಬಂದಿದೆಯೋ ಅದೇ ನಿಮ್ಮ ಟ್ವಿಸ್ಟ್. ಎರಡು ಮೂರು ಸಲ ಅಳೆಯಿರಿ, ಬಟ್ಟೆ ಜಾರಿದರೆ ಲೆಕ್ಕ ತಪ್ಪುತ್ತದೆ.

ಗುರಿಯ ಕಾಗದದ ತೂತುಗಳನ್ನೂ ಹತ್ತಿರದಿಂದ ನೋಡಿ. ದುಂಡಗಿವೆಯೋ, ಸ್ವಲ್ಪ ಮೊಟ್ಟೆಯಾಕಾರ ಇದೆಯೋ? ಮೊಟ್ಟೆಯಾಕಾರ ಇದ್ದರೆ ಗುಂಡು ಓಲಾಡಿಕೊಂಡು ಹೋಗುತ್ತಿದೆ.

ಬಿಗಿ ಟ್ವಿಸ್ಟ್ ಇರುವವರಿಗೆ ಇದರ ಉಲ್ಟಾ ತೊಂದರೆ. ಸೆಕೆಂಡಿಗೆ 3,600 ಅಡಿ ವೇಗ, 1:8 ಟ್ವಿಸ್ಟ್ ಇದ್ದರೆ ಗುಂಡು ನಿಮಿಷಕ್ಕೆ 3,24,000 ಸುತ್ತು ತಿರುಗುತ್ತದೆ. 1:14ರಲ್ಲಿ ಅದೇ ವೇಗಕ್ಕೆ ಸುಮಾರು 1,85,000 ಮಾತ್ರ. .22 ಹಾರ್ನೆಟ್ ಎಂಬ ಪುಟ್ಟ, ನಿಧಾನದ ತೋಟಾಗೆಂದು ಮಾಡಿದ ತೆಳು ಕವಚದ ಗುಂಡನ್ನು ಅಷ್ಟು ತಿರುಗಿಸಿದರೆ ಗುರಿ ಮುಟ್ಟುವ ಮೊದಲೇ ಚೂರಾಗಬಹುದು. ಐದು ಹೊಡೆದು ನಾಲ್ಕೇ ತೂತು ಇದ್ದು, ಕಾಗದದ ಮೇಲೆ ಬೂದು ಗೀರು ಕಂಡರೆ ಅದೇ ಕಾರಣ.

*

ಸೀಸದ ಗುಂಡಿನ ಒಂದೂವರೆ ಇಂಚಿನ ಬಗ್ಗೆ ನನ್ನ ಮಾತು. ಕೇಸಿನ ಕತ್ತು (ಗುಂಡನ್ನು ಹಿಡಿಯುವ ಕಿರಿದಾದ ಬಾಯಿ) ನೆಟ್ಟಗಿದೆಯಾ ನೋಡಿ. ಹೊಡೆದ ಕೇಸನ್ನು ಮತ್ತೆ ಅಳತೆಗೆ ತರುವ ಸೈಜಿಂಗ್ ಡೈನಿಂದ ಕೇಸ್ ಹೊರಗೆ ಬರುವಾಗ, ಕತ್ತನ್ನು ಒಳಗಿಂದ ಹಿಗ್ಗಿಸುವ ಎಕ್ಸ್‌ಪಾಂಡರ್ ಬಾಲ್ ಕತ್ತಿನೊಳಗಿಂದ ಕಿರ್ ಎಂದು ಸದ್ದು ಮಾಡಿಕೊಂಡು ಬಂದರೆ, ಅದು ಕತ್ತನ್ನು ಒಂದು ಕಡೆಗೆ ಎಳೆಯುತ್ತಿದೆ. ಕತ್ತಿನ ಒಳಗೆ ಒಂಚೂರು ಲೂಬ್ರಿಕೆಂಟ್ ಹಚ್ಚಿದರೆ ಆ ಎಳೆತ ತುಂಬಾ ಕಡಿಮೆಯಾಗುತ್ತದೆ. ಆಮೇಲೆ ಒರೆಸುವುದನ್ನು ಮರೆಯಬೇಡಿ, ಎಣ್ಣೆ ಮದ್ದಿಗೆ ತಾಗಬಾರದು.

ತುಂಬಿದ ತೋಟಾವನ್ನು ರನೌಟ್ ಗೇಜ್ (ಗುಂಡು ಕೇಸಿನ ನೇರಕ್ಕೆ ಕೂತಿದೆಯೇ ಅಳೆಯುವ ಸಾಧನ) ಮೇಲೆ ತಿರುಗಿಸಿ. ಗುಂಡಿನ ಓಲಾಟ 0.003 ಇಂಚಿನೊಳಗೆ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಅದರ ಎರಡು ಮೂರು ಪಟ್ಟು ಇದ್ದರೆ ಕಾರಣ ಹುಡುಕುತ್ತೇನೆ.

ಕೇಸುಗಳನ್ನು ತಯಾರಕರ ಪ್ರಕಾರ ಬೇರೆ ಮಾಡಿ. ಒಂದು ಕಂಪನಿಯ ಕೇಸಿನೊಳಗಿನ ಜಾಗ ಇನ್ನೊಂದರಷ್ಟೇ ಇರುವುದಿಲ್ಲ. ಅದೇ ಮದ್ದು ಬೇರೆ ಬೇರೆ ಒತ್ತಡ ಕೊಡುತ್ತದೆ. ಎಷ್ಟು ಸಲ ತುಂಬಿದ ಕೇಸು ಎನ್ನುವುದೂ ಮುಖ್ಯ. ಹಿತ್ತಾಳೆ ಗಟ್ಟಿಯಾದ ಹಾಗೆ ಕತ್ತು ಗುಂಡನ್ನು ಹಿಡಿಯುವ ಬಿಗಿ ಒಂದೊಂದರಲ್ಲಿ ಒಂದೊಂದು ಥರ ಆಗುತ್ತದೆ. ಅನೀಲ್ ಮಾಡುವುದು, ಅಂದರೆ ಕತ್ತನ್ನು ಬಿಸಿ ಮಾಡಿ ಮೆದುಗೊಳಿಸುವುದು, ಇದಕ್ಕೇ. ಸೈಜ್ ಮಾಡುವಾಗ ಕೇಸಿನ ಭುಜವನ್ನು (ಕತ್ತಿನ ಕೆಳಗಿನ ಇಳಿಜಾರು) ಒಂದೆರಡು ಸಾವಿರಾಂಶ ಇಂಚಿಗಿಂತ ಹಿಂದೆ ತಳ್ಳಬೇಡಿ. ಜಾಸ್ತಿ ತಳ್ಳಿದರೆ ಕೇಸಿನ ಗೋಡೆ ಬುಡದ ಹತ್ತಿರ ಹಿಗ್ಗಿ ತೆಳ್ಳಗಾಗುತ್ತದೆ, ಕೊನೆಗೆ ಕತ್ತರಿಸಿ ಹೋಗುತ್ತದೆ. ತುದಿ ಬಗ್ಗಿಸಿದ ತಂತಿಯನ್ನು ಖಾಲಿ ಕೇಸಿನೊಳಗೆ ಬಿಟ್ಟು ಬುಡದ ಹತ್ತಿರ ಗೀರಿ ನೋಡಿ. ಹಳ್ಳ ಸಿಕ್ಕರೆ ಆ ಕೇಸ್ ಕಸಕ್ಕೆ.

*

ಗುಂಡು ಕೂರಿಸುವ ಆಳದ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ನನ್ನ ಮಟ್ಟಿಗೆ ಮದ್ದಿನ ತೂಕಕ್ಕಿಂತ ಜಾಸ್ತಿ ಫರಕು ಕಂಡಿರುವುದು ಇಲ್ಲೇ.

ತೋಟಾದ ಉದ್ದವನ್ನು ಗುಂಡಿನ ತುದಿಯಿಂದ ಅಳೆಯಬೇಡಿ. ಒಂದೇ ಪೆಟ್ಟಿಗೆಯ ಗುಂಡುಗಳಲ್ಲೂ ತುದಿ ಹೆಚ್ಚು ಕಡಿಮೆ ಇರುತ್ತದೆ. ಕ್ಯಾಲಿಪರ್‌ಗೆ ಕಂಪ್ಯಾರೇಟರ್ (ತೂತಿರುವ ಅಳತೆ ತುಂಡು) ಹಾಕಿ ಓಜೈವ್‌ನಿಂದ ಅಳೆಯಿರಿ. ಗುಂಡಿನ ಮೂತಿ ದಪ್ಪವಾಗುತ್ತಾ ಬಂದು ನಳಿಗೆಯೊಳಗಿನ ಸುರುಳಿ ಉಬ್ಬುಗೆರೆಗೆ ತಾಗುವ ಜಾಗ ಅದು. ಹಳೆಯ .22-250ಯಲ್ಲಿ ಆ ಉಬ್ಬುಗೆರೆ ಸವೆದು ಮುಂದೆ ಹೋಗಿರುತ್ತದೆ. ಅಷ್ಟು ಸಣ್ಣ ತೂತಿನಲ್ಲಿ ಅಷ್ಟು ಮದ್ದು ಉರಿಯುವಾಗ ಬಿಸಿಗೆ ಸವೆಯದೆ ಏನು ಮಾಡುತ್ತದೆ? ಹಾಗಾಗಿ ಯಾರದೋ ಉದ್ದದ ಅಳತೆ ನಿಮಗೆ ಹೊಂದುವುದಿಲ್ಲ, ನಿಮ್ಮ ನಳಿಗೆಯದ್ದೇ ಅಳೆಯಬೇಕು. ತಾಮ್ರದ ಗುಂಡನ್ನು ಗೆರೆಯಿಂದ 0.050 ಇಂಚಿನಷ್ಟು ಹಿಂದೆ ಇಟ್ಟು ಶುರು ಮಾಡಿ. ಸೀಸದ ಗುಂಡು ಅದಕ್ಕಿಂತ ಹತ್ತಿರ ಇದ್ದರೆ ಖುಷಿಯಾಗಿರುವುದು ಜಾಸ್ತಿ.

ಇದು ಸುಮ್ನೆ ಆಡುವ ಆಟ ಅಲ್ಲ. ಗುಂಡು ಗೆರೆಗೆ ತಾಗಿದರೆ ಒತ್ತಡ ಏರುತ್ತದೆ. ತೀರಾ ಒಳಗೆ ಹೋದರೆ ಕೇಸಿನ ಜಾಗ ಕಡಿಮೆಯಾಗಿ ಆಗಲೂ ಏರಬಹುದು. ಆಳ, ಗುಂಡು, ಪ್ರೈಮರ್, ಕೇಸ್, ಇವುಗಳಲ್ಲಿ ಯಾವುದು ಬದಲಾದರೂ ಕೈಪಿಡಿಯ ಶುರುವಿನ ತೂಕಕ್ಕೆ ಇಳಿದು ಮತ್ತೆ ಮೇಲಕ್ಕೆ ಬನ್ನಿ. ಸೀಸದ 55 ಗ್ರೇನ್ ಗುಂಡಿನ ಲೆಕ್ಕವನ್ನು ತಾಮ್ರದ 55ಕ್ಕೆ ಖಂಡಿತ ಬಳಸಬೇಡಿ. ಅದಕ್ಕೆ ಬೇರೆ ಪುಟವೇ ಇರುತ್ತದೆ.

*

ನನ್ನದು .22 ಹಾರ್ನೆಟ್. ಅಷ್ಟು ಪುಟ್ಟ ಕೇಸಿನಲ್ಲಿ ಮದ್ದು 0.2 ಗ್ರೇನ್ ಹೆಚ್ಚು ಕಡಿಮೆ ಅಂದರೆ ದೊಡ್ಡ ವಿಷಯ. 12 ಗ್ರೇನ್‌ನಲ್ಲಿ ಅದು ಶೇಕಡ ಒಂದೂವರೆ ದಾಟುತ್ತದೆ, .22-250ಯ 36 ಗ್ರೇನ್‌ನಲ್ಲಿ ಶೇಕಡ ಅರ್ಧದಷ್ಟೇ. ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ಅದು ಬೆಚ್ಚಗಾಗುವವರೆಗೆ ಕಾಯಿರಿ, ಫ್ಯಾನ್ ಆರಿಸಿ, ಆಗಾಗ ತೂಕದ ಕಲ್ಲಿಟ್ಟು ಪರೀಕ್ಷಿಸಿ.

ಇನ್ನೊಂದು, ನಳಿಗೆಯಲ್ಲಿ ತಾಮ್ರ ಅಂಟಿರಬಹುದು. ತಾಮ್ರ ಕರಗಿಸುವ ದ್ರಾವಣ ಹಾಕಿ ಬಟ್ಟೆ ನೀಲಿ ಬರುವುದು ನಿಲ್ಲುವವರೆಗೆ ಒರೆಸಿ. ಹಿತ್ತಾಳೆ ಜಾಗ್ (ರಾಡ್ ತುದಿಯಲ್ಲಿ ಬಟ್ಟೆ ಹಿಡಿಯುವ ತುಂಡು) ಅಥವಾ ಕಂಚಿನ ಬ್ರಷ್ ಬಳಸಿದರೆ ಅವುಗಳಿಂದಲೇ ನೀಲಿ ಬಂದು ಮೋಸವಾಗುತ್ತದೆ, ನೈಲಾನ್ ಬ್ರಷ್ ಇಟ್ಟುಕೊಳ್ಳಿ. ತೊಳೆದ ಮೇಲಿನ ಮೊದಲ ಕೆಲವು ಗುಂಡುಗಳು ಬೇರೆ ಕಡೆ ಬೀಳುವುದು ಸಹಜ, ಅವನ್ನು ಗ್ರೂಪ್‌ಗೆ ಸೇರಿಸದೆ ಮೊದಲೇ ಹೊಡೆದುಬಿಡಿ.

*

ಎಲ್ಲರಿಗೂ ತುಂಬಾ ಧನ್ಯವಾದ. ಒಂದೊಂದಾಗಿ ಮಾಡಿ ನೋಡಿದೆ. ಸ್ಕ್ರೂ ಬಿಗಿ ಇವೆ, ಕಾಗದ ಸಲೀಸಾಗಿ ಓಡುತ್ತದೆ, ನಳಿಗೆಯ ಬಾಯಿ ನುಣ್ಣಗಿದೆ. ಕಾರ್ಖಾನೆಯ ತೋಟಾ ಐದೈದು ಗುಂಡಿನಲ್ಲಿ ಸರಾಸರಿ ಒಂದು ಇಂಚಿನ ಹತ್ತಿರ ಬಂತು. ಟ್ವಿಸ್ಟ್ 14 ಇಂಚು. ತಾಮ್ರದ ಗುಂಡಿನ ಉದ್ದ 0.83 ಇಂಚು. ಹಳೆಯ ಕಾಗದ ತೆಗೆದು ನೋಡಿದರೆ ಅದರ ತೂತುಗಳು ನಿಜವಾಗಿಯೂ ಮೊಟ್ಟೆಯಾಕಾರ ಇವೆ. ಸೀಸದ ಗುಂಡಿನ ತೋಟಾಗಳಲ್ಲಿ ರನೌಟ್ 0.006ರಿಂದ 0.008.

*

ಹಾಗಾದರೆ ತಾಮ್ರದ 55 ಗ್ರೇನ್ ಆ ನಳಿಗೆಗೆ ಅಲ್ಲವೇ ಅಲ್ಲ ಸರ್. 180ರ ಲೆಕ್ಕದಲ್ಲೇ 11 ಇಂಚು ಬೇಕು, ತಾಮ್ರ ಅಂದಮೇಲೆ 10ರ ಹತ್ತಿರ. ಮದ್ದು ಎಷ್ಟು ಬದಲಿಸಿದರೂ ಅದು ಕೂರುವುದಿಲ್ಲ. ತಾಮ್ರವೇ ಬೇಕಿದ್ದರೆ 35ರಿಂದ 40 ಗ್ರೇನ್ ಒಳಗಿನ ಗಿಡ್ಡ ಗುಂಡು ಹುಡುಕಿ, ಪೆಟ್ಟಿಗೆಯ ಮೇಲೆ ತಯಾರಕರು ಬರೆದ ಟ್ವಿಸ್ಟ್ ನೋಡಿಯೇ ತನ್ನಿ. ಸೀಸದ ಗುಂಡಿಗೆ ಮೊದಲು ಕತ್ತಿನ ಒಳಗೆ ಲೂಬ್ರಿಕೆಂಟ್ ಹಚ್ಚಿ ರನೌಟ್ ಇಳಿಸಿ. ಬೇರೇನೂ ಮುಟ್ಟದೆ, ಅದೇ ಮದ್ದು ಅದೇ ಆಳ ಇಟ್ಟು ಐದೈದು ಹೊಡೆಯಿರಿ. ಆ ಕಾಗದದ ಫೋಟೋ ಹಾಕಿ, ಆಮೇಲೆ ಆಳದ ವಿಷಯಕ್ಕೆ ಬರೋಣ.