ಹಬ್ ಗೇರಿನ ಸೈಕಲ್: ಕೊಳ್ಳುವ ಮುನ್ನ, ಹೊರಡುವ ಮುನ್ನ

ಪ್ರಶ್ನೆ (ಶಿಡ್ಲಘಟ್ಟದ ಶಿಕ್ಷಕಿ): ಅಣ್ಣಾ, ನಮಸ್ಕಾರ. ರಜೆಯಲ್ಲಿ ಸಾಮಾನು ಹೇರಿಕೊಂಡು ಸೈಕಲ್ಲಿನಲ್ಲಿ ಗುಡಿಬಂಡೆ, ಬಾಗೇಪಲ್ಲಿ ದಾಟಿ ಲೇಪಾಕ್ಷಿಗೆ ಹೋಗಬೇಕೆಂದಿದ್ದೇನೆ. ಪರಿಚಿತರೊಬ್ಬರು ಶಿಮಾನೊ ನೆಕ್ಸಸ್ ಹಬ್ ಇರುವ ಹಳೆಯ ಟೂರಿಂಗ್ ಸೈಕಲ್ ಮಾರುತ್ತಿದ್ದಾರೆ. ಎಂಟು ಗೇರುಗಳೂ ಹಿಂದಿನ ಚಕ್ರದ ಹಬ್ ಒಳಗೇ, ಅಂದರೆ ಚಕ್ರದ ನಡುವಿನ ಗೂಡಿನಲ್ಲೇ ಇವೆ. ನಂದಿ ಬೆಟ್ಟಕ್ಕೆ ಎಂಟು ಸಾಕೇ? ದಾರಿಯಲ್ಲಿ ಕೆಟ್ಟರೆ ಏನು ಗತಿ?

ಉತ್ತರ (ಚಿಕ್ಕಬಳ್ಳಾಪುರದ ಸೈಕಲ್ ಮೆಕ್ಯಾನಿಕ್): ಮೇಡಂ, ಗೇರುಗಳನ್ನು ಎಣಿಸಬೇಡಿ. ಅತಿ ಹಗುರ ಗೇರಿಗೂ ಅತಿ ಭಾರದ ಗೇರಿಗೂ ಎಷ್ಟು ಅಂತರವಿದೆ ಎಂದು ನೋಡಿ. ನೆಕ್ಸಸ್ 8ರಲ್ಲಿ ಅದು ಶೇ. 307, ಅಂದರೆ ಮೂರು ಪಟ್ಟು. ಶಿಮಾನೊದವರದೇ 11 ಗೇರಿನ ಹಬ್ ಆಲ್ಫೈನ್ 11ರಲ್ಲಿ ಶೇ. 409, ಜರ್ಮನಿಯ 14 ಗೇರಿನ ರೋಲೋಫ್ ಹಬ್‌ನಲ್ಲಿ ಶೇ. 526. ಮುಂದೆ 38 ಹಲ್ಲು, ಹಿಂದೆ 19 ಹಲ್ಲು ಇದ್ದರೆ ನೆಕ್ಸಸ್‌ನ ಒಂದನೇ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 2.3 ಮೀಟರ್ ಸಾಗುತ್ತದೆ. ಲೇಪಾಕ್ಷಿ ದಾರಿಗೆ ಇದು ಧಾರಾಳವಾಯಿತು. 1,478 ಮೀಟರ್ ಎತ್ತರದ ನಂದಿಗೆ ಬರಿಯ ಸೈಕಲ್ಲಿನಲ್ಲಿ ಏರಬಹುದು. ಚೀಲಗಳನ್ನೂ ಹೇರಿದರೆ ಮೇಲಿನ ತಿರುವುಗಳಲ್ಲಿ ಇಳಿದು ತಳ್ಳಬೇಕಾದೀತು.

ಕೊಳ್ಳುವಾಗ ಎಂಟು ಗೇರುಗಳನ್ನೂ ಒಂದೊಂದಾಗಿ ಹಾಕಿ, ಒತ್ತಿ ತುಳಿದು ನೋಡಿ. ಯಾವುದಾದರೂ ಜಾರಿದರೆ ತಕ್ಷಣ ಹಬ್ ಕೆಟ್ಟಿದೆ ಎಂದುಕೊಳ್ಳಬೇಡಿ. ನಾಲ್ಕನೇ ಗೇರಿಗೆ ತಂದು, ಹಬ್ ಬದಿಯ ಎರಡು ಹಳದಿ ಗೆರೆಗಳು ನೇರಕ್ಕೆ ಬರುವಂತೆ ಕೇಬಲ್ ಸರಿಪಡಿಸಿ. ಆಮೇಲೂ ಜಾರಿದರೆ ಆ ಸೈಕಲ್ ಬೇಡ.

ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ಪಂಕ್ಚರ್. ನಮ್ಮ ಭಾಗದಲ್ಲಿ ಜಾಲಿ ಮುಳ್ಳು ಯಾವ ಟೈರನ್ನೂ ಬಿಡುವುದಿಲ್ಲ. ಹಬ್ ಗೇರಿನ ಹಿಂದಿನ ಚಕ್ರ ಬಿಚ್ಚಬೇಕಾದರೆ ಕೇಬಲ್ ಕಳಚಬೇಕು, 15ರ ಸ್ಪ್ಯಾನರ್‌ನಿಂದ ನಟ್ ಸಡಿಲಿಸಬೇಕು. ಮತ್ತೆ ಕೂರಿಸುವಾಗ ವಾಷರುಗಳು ತಮ್ಮ ಜಾಗದಲ್ಲೇ ಇರಬೇಕು, ಚೈನು ಒಂದು ಸೆಂಟಿಮೀಟರಿನಷ್ಟು ಮಾತ್ರ ಸಡಿಲವಿರಬೇಕು. ಬಿಸಿಲಿನಲ್ಲಿ ಇಷ್ಟೆಲ್ಲ ಏಕೆ? ಹಳ್ಳಿಯ ಸೈಕಲ್ ಅಂಗಡಿಯವರು ಚಕ್ರ ಬಿಚ್ಚುವುದೇ ಇಲ್ಲ. ಟೈರಿನ ಒಂದು ಬದಿ ಎಬ್ಬಿಸಿ, ತೂತಾದ ಭಾಗದ ಟ್ಯೂಬನ್ನಷ್ಟೇ ಹೊರಗೆಳೆದು, ಉಜ್ಜಿ, ಸೊಲ್ಯೂಷನ್ ಹಚ್ಚಿ ಪ್ಯಾಚ್ ಅಂಟಿಸುತ್ತಾರೆ. ಹಬ್ ಗೇರಿನವರಿಗೆ ಇದಕ್ಕಿಂತ ದೊಡ್ಡ ವಿದ್ಯೆ ಇಲ್ಲ. ಹೊರಡುವ ಮೊದಲು ಕಲಿಯಿರಿ. ಟ್ಯೂಬಿನ ವಾಲ್ವ್ ಬುಡವೇ ಹರಿದರೆ ಮಾತ್ರ ಚಕ್ರ ಬಿಚ್ಚದೆ ವಿಧಿಯಿಲ್ಲ. ಅದನ್ನೂ ಮನೆಯಲ್ಲೇ ಒಮ್ಮೆ ಮಾಡಿ ನೋಡಿ.

ಇನ್ನು ಹಬ್ ಕೆಡುವುದು ಅಪರೂಪ. ಗೇರುಗಳೆಲ್ಲ ಮುಚ್ಚಿದ ಗೂಡಿನಲ್ಲಿರುವುದರಿಂದ ಧೂಳು, ಕೆಸರು ಅಷ್ಟಾಗಿ ತಾಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಅಥವಾ 5,000 ಕಿ.ಮೀ.ಗೊಮ್ಮೆ ಒಳಭಾಗ ತೆಗೆದು ಎಣ್ಣೆಯಲ್ಲಿ ಅದ್ದಿಸಬೇಕು. ವಾಟರ್ ಸರ್ವೀಸಿನ ಪೈಪಿನಿಂದ ಹಬ್‌ಗೆ ನೀರು ಹೊಡೆಸಲೇಬೇಡಿ. ಕೇಬಲ್ ಮಾತ್ರ ದಾರಿಯಲ್ಲಿ ಕೈಕೊಡಬಹುದು, ಒಂದನ್ನು ಹೆಚ್ಚಿಗೆ ಇಟ್ಟುಕೊಳ್ಳಿ.

ಪ್ರಶ್ನೆ (ಗೌರಿಬಿದನೂರಿನ ಇನ್ನೊಬ್ಬರು): ಸರ್, ಸೈಕಲ್ ರೈಲಿನಲ್ಲಿ ಒಯ್ಯುವುದಾದರೆ?

ಉತ್ತರ: ದೂರದ ರೈಲಿಗೆ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಬೇಕು. ಸಣ್ಣ ನಿಲ್ದಾಣಗಳಲ್ಲಿ ಆ ಸೌಕರ್ಯ ಇರುವುದಿಲ್ಲ, ಮೊದಲೇ ವಿಚಾರಿಸಿ. ಸಾಮಾನ್ಯ ಗೇರ್ ಸೈಕಲ್ಲಿನಲ್ಲಿ ಹೊರಗೆ ಜೋತಾಡುವ ಡಿರೈಲರ್ (ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಪೆಟ್ಟು ತಿಂದು ಬಾಗುತ್ತದೆ. ಹಬ್ ಗೇರಿಗೆ ಆ ಭಯವಿಲ್ಲ. ಪೆಡಲ್ ಬಿಚ್ಚುವುದಾದರೆ ಎಡಗಡೆಯದು ಉಲ್ಟಾ ಥ್ರೆಡ್ ಎಂಬುದು ನೆನಪಿರಲಿ. ಹ್ಯಾಂಡಲ್ ತಿರುಗಿಸಿ ಕಟ್ಟುವಾಗ ಗೇರ್ ಕೇಬಲ್ ಮಡಚಿ ಮುರಿಯದಂತೆ ನೋಡಿಕೊಳ್ಳಿ.

ಪ್ರಶ್ನೆ (ಶಿಡ್ಲಘಟ್ಟದ ಶಿಕ್ಷಕಿ): ಅಣ್ಣಾ, ಭಾನುವಾರ ಆ ಸೈಕಲ್ ತಂದು ತೋರಿಸಲೇ?

ಉತ್ತರ: ಖಂಡಿತ ತನ್ನಿ ಮೇಡಂ, ಆದರೆ ಮುಂಗಡ ಕೊಡುವ ಮೊದಲೇ ತನ್ನಿ. ನೀವು ಒಯ್ಯಬೇಕೆಂದಿರುವ ಚೀಲಗಳನ್ನೂ ತುಂಬಿಸಿಕೊಂಡು ಬನ್ನಿ. ಭಾರ ಹೇರಿದ ಮೇಲೇ ಹಿಂದಿನ ಚಕ್ರದ ಕಡ್ಡಿಗಳನ್ನು ನೋಡಬೇಕು. ಅಲ್ಲಿ 36 ಕಡ್ಡಿಗಳಿದ್ದರೆ ಅರ್ಧ ಚಿಂತೆ ಕಳೆದಂತೆ.