ಎಸ್‌ಪಿಡಿ ಪೆಡಲ್: ಎಡಗಾಲು ಕಳಚುತ್ತಿಲ್ಲ, ಬಲ ಮಂಡಿಯ ಹೊರಬದಿ ನೋವು

ನಾಲೆಏರಿ, ಮಂಡ್ಯ:
ಎಲ್ಲರಿಗೂ ನಮಸ್ಕಾರ. ಮೊದಲು ಮುಂಗಾಲಿಗೆ ಪಟ್ಟಿ ಬಿಗಿಯುವ ಪಂಜರದ ಪೆಡಲ್ ಇತ್ತು. ಈಗ ಶೂವನ್ನೇ ಕಚ್ಚಿ ಹಿಡಿಯುವ ಎಸ್‌ಪಿಡಿ ಪೆಡಲ್, ಶಿಮಾನೊ ಎಂ520, ಎರಡೂ ಮುಖದಲ್ಲಿ ಕಚ್ಚಿಕೊಳ್ಳುವಂಥದ್ದು. ಕ್ಲೀಟ್ (ಶೂ ಅಡಿಗೆ ಬೋಲ್ಟ್ ಹಾಕಿ ಕೂರಿಸುವ, ಪೆಡಲ್ ಹಿಡಿಯುವ ಲೋಹದ ತುಂಡು) ಕಪ್ಪು ಬಣ್ಣದ ಎಸ್‌ಎಚ್51. ಸರ್ವೀಸ್ ರಸ್ತೆಯ ಹಂಪ್‌ಗಳಲ್ಲಿ ನಿಲ್ಲಿಸುವಾಗ ಎಡಗಾಲು ಈಚೆಗೇ ಬರೋದಿಲ್ಲ, ಬಲಗಾಲು ಸಲೀಸಾಗಿ ಬರುತ್ತೆ. ಶ್ರೀರಂಗಪಟ್ಟಣ ಮುಟ್ಟುವಷ್ಟರಲ್ಲಿ ಬಲ ಮಂಡಿಯ ಹೊರಬದಿ ಹಿಡಿದುಕೊಳ್ಳುತ್ತೆ. ನಾಲೆ ಏರಿ ಮೇಲೆ ಇಳಿದು ತಳ್ಳಿಕೊಂಡು ಹೋದರೆ ಆಮೇಲೆ ಕ್ಲೀಟ್ ಕೂರೋದೇ ಇಲ್ಲ. ಪೆಡಲಿನ ಹಿಡಿತದ ಸ್ಪ್ರಿಂಗ್ ಎಷ್ಟು ಸಡಿಲ ಮಾಡಬೇಕು?

ಬೆಟ್ಟದಪಾದ, ಮೈಸೂರು:
ಸ್ಪ್ರಿಂಗ್ ಈಗಲೇ ಮುಟ್ಟಬೇಡಿ ಸರ್. ಶೂ ಬಿಚ್ಚಿ ಅಡಿ ಮೇಲೆ ಮಾಡಿ ನೋಡಿ. ಒಂದು ಕಾಲು ಬರುತ್ತೆ, ಇನ್ನೊಂದು ಬರಲ್ಲ ಅಂದರೆ ಮೊದಲ ಅನುಮಾನ ಕ್ಲೀಟ್ ಬೋಲ್ಟ್ ಮೇಲೆ. ಬೋಲ್ಟ್ ಸಡಿಲವಾಗಿದ್ದರೆ ಹಿಮ್ಮಡಿ ಹೊರಳಿಸಿದಾಗ ಶೂ ಮಾತ್ರ ತಿರುಗುತ್ತೆ, ಕ್ಲೀಟ್ ಪೆಡಲ್ ಬಾಯಲ್ಲಿ ಹಾಗೇ ಕೂತಿರುತ್ತೆ. ಎರಡರಲ್ಲಿ ಒಂದು ಬೋಲ್ಟ್ ಉದುರಿಹೋಗಿದ್ದರೆ ಉಳಿದದ್ದರ ಸುತ್ತ ಶೂ ಸುಮ್ಮನೆ ತಿರುಗುತ್ತಾ ಇರುತ್ತೆ, ಕಾಲು ಬರೋದೇ ಇಲ್ಲ. ಅಂಥ ಹೊತ್ತಿನಲ್ಲಿ ಗೋಡೆಯನ್ನೋ ಕಂಬವನ್ನೋ ಹಿಡಿದು ನಿಂತು, ಲೇಸ್ ಬಿಚ್ಚಿ, ಶೂ ಪೆಡಲಲ್ಲೇ ಬಿಟ್ಟು ಕಾಲು ತೆಗೆಯಬೇಕು.

ಕ್ಲೀಟಿನ ಅಂಚಿನ ಸುತ್ತ ಅಟ್ಟೆಯ ಮೇಲೆ ಕಮಾನಿನ ಹಾಗೆ ಗೀರು ಬಿದ್ದಿದ್ದರೆ ಅದು ಜಾರಿದೆ ಅಂತಲೇ ಅರ್ಥ. ಸುಮ್ಮನೆ ಸ್ಪ್ರಿಂಗ್ ಸಡಿಲಿಸಿದರೆ ಕಾಲು ಒಮ್ಮೊಮ್ಮೆ ಬಂದೀತು, ಮೂಲದ ದೋಷ ಮಾತ್ರ ಉಳಿದೇ ಇರುತ್ತೆ. ನೋಡಿ ಬರೆಯಿರಿ.

ನಾಲೆಏರಿ, ಮಂಡ್ಯ:
ಗೀರು ಇದೆ ಸರ್. ಎಡಗಡೆಯ ಹಿಂದಿನ ಬೋಲ್ಟ್ ಬೆರಳಲ್ಲೇ ತಿರುಗುತ್ತಿದೆ.

ಬೆಟ್ಟದಪಾದ, ಮೈಸೂರು:
ಹಾಗಾದರೆ ಎರಡೂ ಬೋಲ್ಟ್ ಪೂರ್ತಿ ಬಿಚ್ಚಿ. ತಲೆಯ ಗುಳಿಯಲ್ಲಿ ಮಣ್ಣು ಗಟ್ಟಿಯಾಗಿರುತ್ತೆ, ಮೊದಲು ಪಿನ್ನಿನಿಂದ ಕೆದಕಿ ತೆಗೆಯಿರಿ. 4 ಮಿ.ಮೀ. ಅಲೆನ್ ಕೀ ತಳ ಮುಟ್ಟುವವರೆಗೆ ಇಳಿಯಲೇಬೇಕು. ಅರ್ಧಕ್ಕೆ ನಿಂತ ಕೀ ತಿರುಗಿಸಿದರೆ ಮೂಲೆ ಸವೆದು ಬೋಲ್ಟ್ ಕೆಡುತ್ತೆ, ಆಮೇಲೆ ಕೊರೆದು ತೆಗೆಯುವ ಪಾಡು. ಬೋಲ್ಟಿನ ಮರೆಗೆ (ಥ್ರೆಡ್) ಸ್ವಲ್ಪ ಗ್ರೀಸ್ ಸವರಿ, ಎರಡನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. 5ರಿಂದ 6 ನ್ಯೂಟನ್ ಮೀಟರ್ ಸಾಕು. ಹೊಸ ಅಟ್ಟೆಯಲ್ಲಿ ಕ್ಲೀಟಿನ ಹಲ್ಲು ಒಳಗಿಳಿದು ಕೂರುತ್ತಾ ಹೋಗುತ್ತೆ, ಅದರಿಂದಲೇ ಬೋಲ್ಟ್ ಸಡಿಲವಾಗೋದು. ಆದ್ದರಿಂದ ಮೊದಲ 15–20 ಕಿ.ಮೀ. ಆದಮೇಲೆ ಮತ್ತೊಮ್ಮೆ ಬಿಗಿ ನೋಡಿ. ಬಲಗಡೆಯದನ್ನೂ ಬಿಡಬೇಡಿ.

ಸ್ಪ್ರಿಂಗಿನ ಮಾತು ಇದಾದ ಮೇಲೆ. ಎಂ520ಯಲ್ಲಿ ಪೆಡಲಿನ ಒಂದೊಂದು ಮುಖಕ್ಕೆ ಒಂದರಂತೆ ಒಟ್ಟು 4 ಸ್ಕ್ರೂ ಇವೆ, 3 ಮಿ.ಮೀ. ಕೀ. ಒಂದು ಸುತ್ತಿಗೆ 4 ಸಲ ಟಕ್ ಅನ್ನುತ್ತೆ. ಎಣಿಸಿ, ನಾಲ್ಕೂ ಒಂದೇ ಲೆಕ್ಕಕ್ಕೆ ತನ್ನಿ. ಹೊಸಬರಿಗೆ ಕಡಿಮೆ ಬಿಗಿ ಒಳ್ಳೆಯದು. ಆದರೆ ಸ್ಕ್ರೂ ಒಳಗಿನ ಪಟ್ಟಿಯಿಂದ ಕಳಚುವಷ್ಟು ಹಿಂದಕ್ಕೆ ತಿರುಗಿಸಬಾರದು.

ಪಂಜರದ ಪೆಡಲಲ್ಲಿ ಕಾಲನ್ನು ಹಿಂದಕ್ಕೆ ಎಳೆಯೋದು ಅಭ್ಯಾಸವಾಗಿರುತ್ತೆ, ಗಾಬರಿಯಲ್ಲಿ ಕಾಲು ಅದನ್ನೇ ಮಾಡುತ್ತೆ. ಇಲ್ಲಿ ಎಳೆದರೆ ಬಿಡಲ್ಲ, ಹಿಮ್ಮಡಿ ಹೊರಕ್ಕೆ ತಿರುಚಬೇಕು. ಈ ಉಪಾಯ ಬಂದದ್ದೇ ಹಿಮದ ಸ್ಕೀಯಿಂದ. ಸ್ಕೀ ಬೈಂಡಿಂಗ್ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಅದನ್ನು ಪೆಡಲಿಗೆ ತಂದಿತು, ಮರುವರ್ಷ ಸೈಕಲ್ ಪಟು ಬರ್ನಾರ್ ಇನೋ ಅದನ್ನೇ ತುಳಿದು ಟೂರ್ ದ ಫ್ರಾನ್ಸ್ ರೇಸ್ ಗೆದ್ದರು. ತಿರುಚಿದರೆ ಬಿಡಬೇಕು, ಎಳೆದರೆ ಹಿಡಿದಿರಬೇಕು, ಅದರ ಗುಣವೇ ಅದು.

ಕಾಂಪೌಂಡ್ ಗೋಡೆ ಹಿಡಿದು ಎಡಗಾಲು 50 ಸಲ ಹಾಕಿ ತೆಗೆಯಿರಿ. ಪೆಡಲ್ ಕೆಳಗಿನ ತುದಿಯಲ್ಲಿದ್ದಾಗ ತಿರುಚೋದು ಸುಲಭ. ರಸ್ತೆಯಲ್ಲಿ ನಿಲ್ಲುವ ಜಾಗಕ್ಕೆ 10–15 ಮೀಟರ್ ಮುಂಚೆಯೇ, ಸೈಕಲ್ ಇನ್ನೂ ಉರುಳುತ್ತಿರುವಾಗಲೇ ಕಳಚಿಕೊಳ್ಳಿ.

ಕುಕ್ಕರಹಳ್ಳಿ, ಮೈಸೂರು:
ಮಂಡಿಗೆ ನಾನು ಬರೆಯುತ್ತೇನೆ. ಹೊರಬದಿ ನೋವಿಗೆ ಸಾಮಾನ್ಯ ಕಾರಣ, ಪಾದದ ತುದಿ ಅದರ ಸಹಜ ದಿಕ್ಕಿಗಿಂತ ಒಳಕ್ಕೆ ತಿರುಗಿ ಸಿಕ್ಕಿಕೊಂಡಿರೋದು. ಮೇಜಿನ ಅಂಚಿಗೆ ಕೂತು ಕಾಲು ಇಳಿಬಿಡಿ. ಬಲಪಾದ ತಾನಾಗಿ ಎತ್ತ ನೋಡುತ್ತೋ ಪೆಡಲ್ ಮೇಲೂ ಅತ್ತಲೇ ನೋಡಬೇಕು. ಇಲ್ಲೇ ಬಹಳ ಜನ ಉಲ್ಟಾ ಮಾಡೋದು: ಪಾದದ ತುದಿ ಹೊರಕ್ಕೆ ಹೋಗಬೇಕಾದರೆ ಕ್ಲೀಟಿನ ಮೂತಿಯನ್ನು (ಮುಂದಿನ ತುದಿ) ಹೆಬ್ಬೆರಳಿನ ಕಡೆಗೆ, ಅಂದರೆ ಒಳಕ್ಕೆ, ತಿರುಗಿಸಬೇಕು. ಪೆಡಲಲ್ಲಿ ಮೂತಿ ಯಾವಾಗಲೂ ನೇರ ಮುಂದಕ್ಕೇ ಕೂರುತ್ತೆ, ತಿರುಗೋದು ಶೂ. ಒಂದು ಸಲಕ್ಕೆ 1 ಮಿ.ಮೀ. ಅಷ್ಟೇ. ಮುಂಚಿನ ಜಾಗವನ್ನು ಮಾರ್ಕರ್‌ನಲ್ಲಿ ಗುರುತು ಹಾಕಿಕೊಂಡು, ಎರಡು ಮೂರು ಸವಾರಿ ನೋಡಿ ಆಮೇಲೆ ಮತ್ತೆ ಕದಲಿಸಿ.

ಹಿಂದೆ ಮುಂದೆ ಲೆಕ್ಕ: ಹೆಬ್ಬೆರಳ ಬುಡದ ಗಂಟು, ಕಿರುಬೆರಳ ಬುಡದ ಗಂಟು ಎರಡನ್ನೂ ಶೂ ಹೊರಗಿಂದ ತಡವಿ ಗುರುತಿಸಿ. ಕ್ಲೀಟಿನ ನಡು ಇವೆರಡರ ಮಧ್ಯೆ ಬರಲಿ. ಬೆರಳು ಜೋಮು ಹಿಡಿದರೆ ಸ್ವಲ್ಪ ಹಿಂದಕ್ಕೆ ಸರಿಸಿ. ಶೂ, ಪೆಡಲ್ ಎರಡೂ ಬದಲಾದವು ಅಂದರೆ ಸೀಟಿನ ಎತ್ತರವೂ ಬದಲಾಗಿದೆ. ಪೆಡಲ್ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಮಂಡಿ ನೇರವಾಗಬೇಕು, ಸೊಂಟ ವಾಲಬಾರದು. ಇಷ್ಟಾದರೂ ನೋವು ಇಳಿಯದಿದ್ದರೆ ಸವಾರಿ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ನಾಲೆ ಏರಿಯ ಜಿಗುಟು ಮಣ್ಣಿಗೆ ಕಡ್ಡಿಪೊರಕೆಯ ಎರಡು ಕಡ್ಡಿ ಬ್ಯಾಗಲ್ಲಿರಲಿ. ಕ್ಲೀಟಿನ ಮುಂದೆ ಹಿಂದೆ ಮಣ್ಣು ಕೆದಕಿ, ಬಾಟಲಿ ನೀರು ಸುರಿದರೆ ಕೂರುತ್ತೆ. ಚೈನಿಗೆ ಹಾಕುವ ಎಣ್ಣೆ ಇಲ್ಲಿ ಬೇಡ, ಧೂಳು ಕಚ್ಚಿ ಇನ್ನಷ್ಟು ಹಿಡಿಯುತ್ತೆ.

ನಾಲೆಏರಿ, ಮಂಡ್ಯ:
ಬಿಗಿದ ಮೇಲೆ ಎಡಗಾಲು ತಕ್ಷಣ ಬರ್ತಿದೆ, ಸ್ಪ್ರಿಂಗ್ ಮುಟ್ಟಲೇ ಇಲ್ಲ. ಬಹಳ ಉಪಕಾರ. ಬೆಳ್ಳಿ ಬಣ್ಣದ ಎಸ್‌ಎಚ್56 ಹಾಕಿಕೊಳ್ಳಿ ಅಂತಾರೆ, ಹಾಕಲೋ?

ಬೆಟ್ಟದಪಾದ, ಮೈಸೂರು:
ಹಾಕಬಹುದು. ಅದು ಪಕ್ಕಕ್ಕಷ್ಟೇ ಅಲ್ಲ, ಜೋರಾಗಿ ಮೇಲಕ್ಕೆಳೆದರೂ ಬಿಡುತ್ತೆ. ಕಲಿಯುವ ದಿನಗಳಿಗೆ ಧೈರ್ಯ. ಚಾಮುಂಡಿ ಬೆಟ್ಟದ ಏರಿನಲ್ಲಿ ಸೀಟು ಬಿಟ್ಟೆದ್ದು ತುಳಿಯುವಾಗ ಮಾತ್ರ ಹಿಂಗಾಲನ್ನು ಮೇಲಕ್ಕೆ ಜಗ್ಗಬೇಡಿ, ನಡುವೆ ಕಳಚಿಕೊಂಡರೆ ಆಯ ತಪ್ಪುತ್ತೆ. ಕೂತೇ ತುಳಿಯಿರಿ, ಹಗುರ ಗೇರಿನಲ್ಲಿ.